ಎರಡನೆಯ ಪಟ್ಟಿ

"ನಲವತ್ತೆಂಟು ತುಂಬ್ಲಿ ಅವ್ವ, ಆಮೇಲೆ ನೋಡಣ. ಅಲ್ಲಿವರ್ಗೆ ಅವ್ಳಿಗೆ ಎಂತದೂ ಹೇಳದು ಬ್ಯಾಡ."

ಬಚ್ಚಲಿನ ತಟ್ಟಿಯ ಆಚೆ ಗಂಡ ದುಗ್ಗಪ್ಪ ತನ್ನ ತಾಯಿಗೆ ಹೇಳಿದ ಮಾತು ಕೆರಿಯಮ್ಮನಿಗೆ ಒಂದಕ್ಷರ ಬಿಡದೆ ಕೇಳಿಸಿತು. ಅವಳು ಎಡಗೈಯಲ್ಲಿ ಚೊಂಬು ಹಿಡಿದು ಅಲ್ಲೇ ನಿಂತಳು. ಬಲಗೈ ಮೊಣಕೈಯಲ್ಲಿ ಮಡಿಸಿಕೊಂಡು, ಎರಡು ಹಲಗೆಗಳ ನಡುವೆ ಬಿಗಿದುಕೊಂಡು, ಕೊರಳಿನಿಂದ ಇಳಿಬಿದ್ದ ಬಟ್ಟೆಯ ಜೋಳಿಗೆಯಲ್ಲಿ ಮಲಗಿತ್ತು. ಅತ್ತೆ ಶೇಷಮ್ಮ ಮೆಲ್ಲಗೆ ಏನೋ ಅಂದಳು. ಅದರಲ್ಲಿ ಕೆರಿಯಮ್ಮನಿಗೆ ದಕ್ಕಿದ್ದು ಒಂದೇ ಮಾತು, "ಮಾಸ್ತಿ". ಅವಳು ಬೇಕೆಂದೇ ಚೊಂಬನ್ನು ಕಲ್ಲಿನ ಮೇಲೆ ಸದ್ದಾಗುವಂತೆ ಕುಕ್ಕಿದಳು. ತಟ್ಟಿಯಾಚೆ ಮಾತು ನಿಂತಿತು. ಸ್ವಲ್ಪ ಹೊತ್ತಿಗೆ ಮರ ಕೆತ್ತುವ ಬಾಚಿಯ ಸದ್ದು ಶುರುವಾಯಿತು.

ಮಾಸ್ತಿ ಅಂದರೆ ಮಾಸ್ತಮ್ಮ, ಕೆರಿಯಮ್ಮನ ತಂಗಿ. ಹದಿನೆಂಟು ತುಂಬಿದ ಹುಡುಗಿ. ಅಕ್ಕ ಕೈ ಮುರಿದುಕೊಂಡಳೆಂದು ಸುದ್ದಿ ಹೋದಾಗ ತಾನಾಗಿ ಬಂದವಳು. ಈಗ ಈ ಮನೆಯ ಒಲೆ, ಕೊಟ್ಟಿಗೆ, ಬಾವಿ ಎಲ್ಲವೂ ಅವಳ ಕೈಯಲ್ಲಿತ್ತು. ಮೊದಮೊದಲು ಶೇಷಮ್ಮ ಅವಳನ್ನು "ಹುಡ್ಗಿ" ಎನ್ನುತ್ತಿದ್ದಳು. ಯಾವಾಗಿನಿಂದಲೋ "ಮಗಾ" ಎನ್ನತೊಡಗಿದ್ದಳು. ಆ ಬದಲಾವಣೆ ಯಾವ ದಿನ ಆಯಿತೆಂದು ಕೆರಿಯಮ್ಮ ಎಷ್ಟೋ ಸಲ ಹಿಂದಕ್ಕೆ ಹೋಗಿ ಹುಡುಕಿದ್ದಳು, ಸಿಕ್ಕಿರಲಿಲ್ಲ. ಮದುವೆಯಾಗಿ ಹನ್ನೊಂದು ವರ್ಷ. ಹುಟ್ಟಿದ ಎರಡು ಮಕ್ಕಳೂ ಉಳಿದಿರಲಿಲ್ಲ. ಹೆಂಡತಿಯ ತಂಗಿಯನ್ನೇ ಎರಡನೆಯವಳಾಗಿ ತಂದು ತುಂಬಿಸಿಕೊಂಡ ಮನೆಗಳು ಅವಳ ನೆಂಟರಲ್ಲೇ ಮೂರಿದ್ದವು. ಅಲ್ಲೆಲ್ಲ ಮೊದಲು ತಂಗಿ ಬಂದದ್ದು ಅಕ್ಕನಿಗೆ ಸಹಾಯಕ್ಕೆಂದೇ.

ಊಟದ ಹೊತ್ತು ಬಂದರೆ ಅವಳಿಗೆ ಇನ್ನೂ ಹಿಂಸೆ. ಆಸ್ಪತ್ರೆಯಿಂದ ಬಂದ ಮೊದಲ ದಿನ ಎಡಗೈಯಿಂದ ಅನ್ನ ಕಲಸಲು ಹೋದಾಗ ಶೇಷಮ್ಮ ಮುಖ ತಿರುಗಿಸಿದ್ದಳು. "ಎಡಗೈಯಾಗೆ ಉಂಬದು ನನ್ ಕೈಲಿ ನೋಡಕ್ಕಾಗದಿಲ್ಲ ಕಣೆ. ಮಾಸ್ತಿ, ನೀನೇ ಒಂದೆರಡು ತುತ್ತು ಹಾಕು." ಅಂದಿನಿಂದ ತಂಗಿ ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ಮೀನಿನ ಮುಳ್ಳು ಬಿಡಿಸಿ, ಅನ್ನದೊಳಗೆ ಅಡಗಿಸಿ, ಸಣ್ಣ ಮಗುವಿಗೆ ಕೊಡುವ ಹಾಗೆ. ಸಾಕು ಅನ್ನುವುದಕ್ಕೂ ಬಾಯಿ ತುಂಬಿರುತ್ತಿತ್ತು.

ಮುಳುಗಡೆಯ ವರ್ಷ ಅದು. ಹೊಳೆಗೆ ಅಣೆಕಟ್ಟು ಬಂದು ಹಳೆಯ ಊರಿಗೆ ನೀರು ನುಗ್ಗುವ ಮೊದಲು ಜನ ತಮ್ಮ ಮನೆಗಳನ್ನು ತಾವೇ ಬಿಚ್ಚಿಕೊಂಡು ಹೊರಟಿದ್ದರು. ಹೆಂಚು, ರೀಪು, ಬಾಗಿಲು, ಕಂಬ, ಎಲ್ಲವೂ ಲಾರಿಗೇರಿ ಹೊಸನಗರದ ಆಚೆ ಕಾಡು ಕಡಿದು ಕೊಟ್ಟ ಜಾಗಕ್ಕೆ ಬಂದು ಬಿದ್ದಿದ್ದವು. ದುಗ್ಗಪ್ಪ ಹುಟ್ಟಿನಿಂದ ಆಚಾರಿಯಲ್ಲ. ಗೇಣಿಯ ಗದ್ದೆ ಮಾಡಿಕೊಂಡೇ ಒಬ್ಬ ಮುದಿ ಆಚಾರಿಯ ಹಿಂದೆ ಹತ್ತು ವರ್ಷ ಅಲೆದು ಮರದ ಕೆಲಸ ಕಲಿತವನು. ಈಗ ಗದ್ದೆಯಿಲ್ಲದ ಈ ಹೊತ್ತಿನಲ್ಲಿ ಅದೇ ಕೈಹಿಡಿದಿತ್ತು. ಲಾರಿಯಲ್ಲಿ ಮುರಿದ ಕಂಬಗಳನ್ನು ಅವನು ಜೋಡಿಸಿ ಕೊಡುತ್ತಿದ್ದ. ಎರಡು ತುಂಡುಗಳನ್ನು ಒಂದಕ್ಕೊಂದು ಕಚ್ಚಿಸಿ, ಕಬ್ಬಿಣದ ಪಟ್ಟಿ ಇಟ್ಟು, ತಿರುಪು ಮೊಳೆ ಬಿಗಿದು, ಚಪ್ಪರದ ಕೆಳಗೆ ಮಲಗಿಸಿಡುತ್ತಿದ್ದ. ಜೋಡಿಸಿದ ಮರದ ಮೇಲೆ ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಭಾರ ಹಾಕಬಾರದು, ಅಲುಗಿಸಲೂಬಾರದು ಎಂಬುದು ಅವನ ಗುರುವಿನ ಕಟ್ಟಳೆ. ಯಾರು ಎಷ್ಟು ಅವಸರ ಮಾಡಿದರೂ ದುಗ್ಗಪ್ಪ ಅದನ್ನು ಮೀರುತ್ತಿರಲಿಲ್ಲ.

ಕೆರಿಯಮ್ಮ ಬಿದ್ದದ್ದು ಹಳೆಯ ಮನೆಯ ಕೊನೆಯ ದಿನ. ಏಣಿಯ ಮೇಲೆ ನಿಂತು ಹೆಂಚು ಇಳಿಸಿಕೊಡುತ್ತಿದ್ದಳು. ಟಕ್ ಎಂದು ಏನೋ ಕೇಳಿಸಿತು, ಆಮೇಲೆ ಅಂಗಳದ ಕಲ್ಲು ಮೊಣಕೈಗೆ ಬಡಿಯಿತು. ಸಾಗರದ ಡಾಕ್ಟರು ಮುಟ್ಟಿ ನೋಡಿ, ಇದು ಕಟ್ಟು ಹಾಕಿ ಕೂರುವ ಮುರಿತ ಅಲ್ಲ, ಘಟ್ಟದ ಕೆಳಗೆ ಎಲುಬಿನ ಡಾಕ್ಟರಿದ್ದಾರೆ, ಅಲ್ಲಿಗೆ ಒಯ್ಯಿರಿ ಅಂದರು. ಹುಲಿಕಲ್ ಘಟ್ಟದ ಒಂದೊಂದು ತಿರುವಿನಲ್ಲೂ ಬಸ್ಸು ವಾಲಿದಾಗ ತನ್ನ ತೋಳಿನೊಳಗೆ ಒಡೆದ ಮಡಕೆಯ ಚೂರುಗಳು ಒಂದನ್ನೊಂದು ತಿಕ್ಕಿದ್ದು ಅವಳಿಗೆ ಇವತ್ತಿಗೂ ನೆನಪಿತ್ತು. ಅಲ್ಲಿ ತೋಳು ಕೊಯ್ದು, ಎಲುಬಿಗೆ ಉಕ್ಕಿನ ಪಟ್ಟಿ ಹಾಕಿ, ಹೊಲಿದರು. ಹನ್ನೆರಡನೆಯ ದಿನ ಹೊಲಿಗೆ ಬಿಚ್ಚಿ ಮನೆಗೆ ಹೋಗಿ ಅಂದರು.

ಹೊರಡುವ ಮೊದಲು ಡಾಕ್ಟರು ದುಗ್ಗಪ್ಪನನ್ನು ಪಡಸಾಲೆಗೆ ಕರೆದದ್ದನ್ನು ಅವಳು ಮಂಚದಿಂದಲೇ ನೋಡಿದ್ದಳು. ಡಾಕ್ಟರು ಒಂದು ಕಪ್ಪು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬೆರಳಿಟ್ಟು ತೋರಿಸುತ್ತಿದ್ದರು. ದುಗ್ಗಪ್ಪ ತಲೆಯಾಡಿಸುತ್ತಿದ್ದ. ಒಂದು ಸಲ, ಎರಡು ಸಲ, ಬಿಡದೆ. ಹನ್ನೊಂದು ವರ್ಷದಲ್ಲಿ ಅವಳಿಗೆ ತಿಳಿದಿದ್ದ ಒಂದು ಸಂಗತಿಯೆಂದರೆ, ಈ ಮನುಷ್ಯ ಒಪ್ಪಿದರೆ ಸುಮ್ಮನಿರುತ್ತಾನೆ. ತಲೆಯಾಡಿಸುವುದು ಒಪ್ಪದೆ ಇದ್ದಾಗ.

"ಎಂತ ಅಂದ್ರು?" ಎಂದು ಕೇಳಿದ್ದಳು.

"ಎಂತ ಅಂತಾರೆ. ವಾಸಿ ಆತದೆ ಅಂದ್ರು."

ಮನೆಗೆ ಬಂದ ಮಾರನೆಯ ದಿನವೇ ಅವನು ಎರಡು ತೆಳ್ಳನೆಯ ಹಲಸಿನ ಹಲಗೆಗಳನ್ನು ಅವಳ ತೋಳಿನ ಅಳತೆಗೆ ಕೆತ್ತಿ, ಮೂಲೆಯಲ್ಲಿ ಕಚ್ಚಿಸಿ, ಅಂಚುಗಳನ್ನು ಚರ್ಮ ತರಚದಂತೆ ಉಜ್ಜಿ ನುಣುಪು ಮಾಡಿ ತಂದ. ಮೊಣಕೈ ಒಂದು ಎಳ್ಳಿನಷ್ಟೂ ಅಲ್ಲಾಡದ ಹಾಗೆ ಕಟ್ಟಿದ. ಆ ಕಪ್ಪು ಹಾಳೆ, ಚೀಟಿ ಇದ್ದ ಆಸ್ಪತ್ರೆಯ ಕಂದು ಲಕೋಟೆಯನ್ನು ಉಳಿ, ಬಾಚಿ ಇಡುವ ಹಾಯಾರದ ಪೆಟ್ಟಿಗೆಯೊಳಗಿಟ್ಟು ಮುಚ್ಚಿದ. ಹಳೆಯ ಮನೆಯ ಸಾಮಾನೆಲ್ಲ ಬಂದಿದ್ದರೂ ಏಣಿ ಮಾತ್ರ ಕಾಣಲಿಲ್ಲ. ಅವಳು ಕೇಳಿದಾಗ ಅತ್ತೆ, "ಒಲೆಗೆ ಹೋತು. ಅವ್ನೇ ಕಡ್ದು ಹಾಕ್ದ," ಅಂದಿದ್ದಳು. ಗಟ್ಟಿ ಏಣಿ. ಅದನ್ನೇಕೆ ಒಲೆಗೆ ಹಾಕಬೇಕು? ಕೇಳಲು ಹೋದರೆ ಮನೆಯಲ್ಲಿ ಎಲ್ಲರಿಗೂ ಏನಾದರೊಂದು ಕೆಲಸ ನೆನಪಾಗುತ್ತಿತ್ತು.

ಬಚ್ಚಲಲ್ಲಿ ಆ ಮಾತು ಕೇಳಿದ ಬೆಳಿಗ್ಗೆಯೇ ದುಗ್ಗಪ್ಪ ಕವಲೇದುರ್ಗದ ಕಡೆ ಯಾರದೋ ಮನೆಯ ತೊಲೆ ಅಳತೆಗೆ ಹೊರಟ. ಮಧ್ಯಾಹ್ನದೊಳಗೆ ಬರುತ್ತೇನೆಂದ. ಶೇಷಮ್ಮ ಸೊಪ್ಪು ತರಲು ಕಾಡಿಗೆ ಹೋದಳು. ಕೆರಿಯಮ್ಮ ಹಾಯಾರದ ಪೆಟ್ಟಿಗೆಯ ಮುಂದೆ ಕುಳಿತಳು. ವರ್ಷಕ್ಕೊಮ್ಮೆ ಆಯುಧಪೂಜೆಯಲ್ಲಿ ಹೂವಿಡಲು ಬಿಟ್ಟರೆ ಮನೆಯ ಹೆಂಗಸರು ಅದನ್ನು ಮುಟ್ಟುತ್ತಿರಲಿಲ್ಲ. ಎಡಗೈಯಿಂದ ಮುಚ್ಚಳ ಎತ್ತಿ, ಅದು ಬೀಳದಂತೆ ತಲೆಯಿಂದ ಆನಿಸಿ ಹಿಡಿದು, ಉಳಿಗಳ ಕೆಳಗಿನಿಂದ ಲಕೋಟೆಯನ್ನು ಎಳೆದಳು.

ಅದರ ಮೇಲೆ ಬಡಗಿಯ ದಪ್ಪ ಸೀಸದ ಗೆರೆಗಳಿದ್ದವು. ಐದೈದರ ಕಟ್ಟು. ಅವಳು ಓದಲಾರಳು, ಎಣಿಸಬಲ್ಲಳು. ಎಂಟು ಕಟ್ಟು, ಮೇಲೆ ಮೂರು. ನಲವತ್ತಮೂರು. ಇನ್ನು ಐದು ಉಳಿದಿತ್ತು. ಏನಕ್ಕೆ ಐದು? ಕೈ ಸತ್ತಿದೆ ಎಂದು ಡಾಕ್ಟರು ಬರೆದುಕೊಟ್ಟಿರಬೇಕು, ಮಂಡಲ ಮುಗಿಯುವವರೆಗೆ ಕಾದು, ಆಮೇಲೆ ಅಪ್ಪನ ಮನೆಗೆ ಹೇಳಿಕಳಿಸಿ, ತಂಗಿಯ ಕೈಗೆ ಬಳೆ ಇಡಿಸುತ್ತಾರೆ. ಅವಳಿಗೆ ಅದು ನಡೆದುಹೋದಷ್ಟು ಸ್ಪಷ್ಟವಾಗಿ ಕಂಡಿತು.

ಲಕೋಟೆಯನ್ನು ಜೋಳಿಗೆಯೊಳಗೆ ಮುರಿದ ಕೈಯ ಪಕ್ಕದಲ್ಲೇ ಅಡಗಿಸಿಕೊಂಡು ಅವಳು ಹೊರಟಾಗ ಮಾಸ್ತಮ್ಮ ಬಾಗಿಲಿಗೆ ಬಂದಳು.

"ಎಲ್ಲಿಗೆ ಅಕ್ಕ?"

"ಪೇಟೆಗೆ. ಒಣಮೀನು ತತ್ತೀನಿ."

"ಒಬ್ಳೇ ಎಂತಕ್ಕೆ? ನಾನೂ ಬತ್ತೀನಿ."

"ನೀ ಮನೆ ನೋಡ್ಕ. ಅಭ್ಯಾಸ ಆಗ್ಲಿ."

ಮಾಸ್ತಮ್ಮನಿಗೆ ಮಾತಿನ ಮೊನೆ ತಾಗಲಿಲ್ಲ. "ಹಂಗಾದ್ರೆ ನನ್ ಜಡೆಗೊಂದು ಟೇಪು ತಾ, ಕೆಂಪಂದು," ಅಂದಳು. ಅಥವಾ ತಾಗದ ಹಾಗೆ ನಟಿಸಿದಳೋ. ಮೂರು ಮೈಲಿಯೂ ಕೆರಿಯಮ್ಮ ಅದನ್ನೇ ಯೋಚಿಸಿದಳು.

ಹೊಸನಗರದಲ್ಲಿ ಅವಳಿಗೆ ಗೊತ್ತಿದ್ದದ್ದು ನರ್ಸು ಮೀನಾಕ್ಷಮ್ಮ. ಮೈಸೂರು ಕಡೆಯ ಹೆಂಗಸು, ಹೊಸ ಊರಿಗೆ ಹೆರಿಗೆ ಮಾಡಿಸಲೆಂದು ಎರಡು ಸಲ ನಡೆದು ಬಂದಿದ್ದಳು. ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದವಳು ಕೆರಿಯಮ್ಮನನ್ನು ಬೆಂಚಿನ ಮೇಲೆ ಕೂರಿಸಿ ಲಕೋಟೆ ಬಿಚ್ಚಿದಳು. ಚೀಟಿ ಇಂಗ್ಲಿಷಿನಲ್ಲಿತ್ತು. ತುಟಿ ಅಲುಗಿಸುತ್ತ ಒಂದು ಸಲ ಓದಿದಳು, ಮತ್ತೆ ಓದಿದಳು. ಅವಳ ಹುಬ್ಬು ಗಂಟಿಕ್ಕಿದ್ದನ್ನು ನೋಡಿ ಕೆರಿಯಮ್ಮ ಕೇಳಿದಳು.

"ಸತ್ತದೆ ಅಂತ ಬರ್ದಾರಾ ನರ್ಸಮ್ಮ?"

"ಏನು ಸತ್ತಿದೆ?"

"ನನ್ ಕೈ."

"ಯಾರಮ್ಮ ಹಾಗಂದೋರು? ಹನ್ನೆರಡನೇ ದಿನದಿಂದ ಕಟ್ಟು ಬೇಡ, ದಿನಕ್ಕೆ ಐದು ಸಲ ಮಡಿಸಿ ಬಿಡಿಸಬೇಕು ಅಂತ ಬರೆದಿದ್ದಾರೆ. ಎರಡೂ ಪಟ್ಟಿ ಭದ್ರವಾಗಿವೆ, ಗಂಡನಿಗೆ ವಿವರವಾಗಿ ಹೇಳಿದೆ ಅಂತಲೂ ಬರೆದಿದ್ದಾರೆ." ಅವಳು ಚೀಟಿಯಿಂದ ಕಣ್ಣೆತ್ತಿ ಹಲಗೆಗಳನ್ನು ನೋಡಿದಳು. "ಇದನ್ನ ಕಟ್ಟಿದ್ದು ಯಾರು?"

"ಮನೆಯವ್ರು."

"ಎಷ್ಟು ದಿನ ಆಯ್ತು?"

"ಆಪ್ರೇಸನ್ ಆಗಿ ನಲ್ವತ್ಮೂರು."

ಮೀನಾಕ್ಷಮ್ಮ ಗಂಟು ಬಿಚ್ಚಿದಳು. ಹಲಗೆಗಳನ್ನು ಕೈಯಲ್ಲಿ ಹಿಡಿದು, ಉಜ್ಜಿದ ಅಂಚಿನ ಮೇಲೆ ಬೆರಳಾಡಿಸಿದಳು. "ಎಷ್ಟು ಮುತುವರ್ಜಿಯಿಂದ ಮಾಡಿದ್ದಾನೆ, ಹಾಳಾದೋನು," ಅಂದಳು. ತೋಳು ಬರಿಯ ಬೆಳಕಿಗೆ ಬಂತು. ಸಣ್ಣಗಾಗಿತ್ತು, ಸಿಪ್ಪೆ ಸುಲಿದ ಕೋಲಿನ ಬಣ್ಣಕ್ಕೆ ತಿರುಗಿತ್ತು. "ಮಡಿಸು ನೋಡೋಣ." ಕೆರಿಯಮ್ಮ ಮಡಿಸಿದಳು. ಕೈ ಎರಡು ಬೆರಳಿನಷ್ಟು ಸರಿದು, ಬಾಗಿಲಿಗೆ ಅಗುಳಿ ಹಾಕಿದ ಹಾಗೆ ನಿಂತಿತು. "ಬಿಡಿಸು." ಅದೂ ಅಷ್ಟೇ.

ಆಮೇಲೆ ನರ್ಸು ಕಪ್ಪು ಹಾಳೆಯನ್ನು ಕಿಟಕಿಗೆ ಹಿಡಿದಳು. ತನ್ನ ಎಲುಬನ್ನು ಕೆರಿಯಮ್ಮ ನೋಡಿದ್ದು ಅದೇ ಮೊದಲು. ಮೊಣಕೈಯ ಮೇಲೆ ಎಲುಬು ಕವೆಯಂತೆ ಸೀಳಿತ್ತು. ಅದರ ಮೇಲೊಂದು ಬೆಳ್ಳನೆಯ ಪಟ್ಟಿ, ಸಾಲಾಗಿ ತಿರುಪುಗಳು. ಇನ್ನೂ ಕೆಲವು ತಿರುಪುಗಳು ಅಡ್ಡಡ್ಡ ಹೋಗಿದ್ದವು. ಅವುಗಳ ತುದಿಯಲ್ಲಿ ತೆಳ್ಳಗಿನ ಒಂದು ಗೀರು.

"ಒಂದೇ ಅಲ್ವಾ ಪಟ್ಟಿ ಇರದು?"

"ಈ ಗೆರೆ ಇದೆಯಲ್ಲ, ಇದೇ ಎರಡನೇದು. ಕತ್ತಿಯ ಬಾಯಿ ಕಡೆಯಿಂದ ನೋಡಿದ್ರೆ ಗೆರೆ ತಾನೆ ಕಾಣೋದು? ಒಂದು ಹಿಂದುಗಡೆಗೆ, ಇನ್ನೊಂದು ಪಕ್ಕಕ್ಕೆ. ಮೂಲೆಗೆ ಮೂಲೆ. ಬಾಗಿದ್ರೆ ಅದು ಹಿಡಿಯುತ್ತೆ, ತಿರುಚಿದ್ರೆ ಇದು ಹಿಡಿಯುತ್ತೆ. ಅದಕ್ಕೇ ಆಡಿಸಿ ಅಂದಿರೋದು. ಎಲುಬು ತಾನಾಗಿ ಬೆಳೆದು ಕೂಡಿಕೊಳ್ಳುತ್ತಮ್ಮ, ಪಟ್ಟಿ ಅಲ್ಲಿವರೆಗೆ ಕಾವಲು ಅಷ್ಟೆ." ಅವಳು ಕೆರಿಯಮ್ಮನ ಎಡಗೈ ಬೆರಳುಗಳನ್ನು ಹಿಡಿದು ಗಾಯದ ಕಲೆಯ ಪಕ್ಕ ಒತ್ತಿಸಿದಳು. ಚರ್ಮದ ಕೆಳಗೆ ಗಟ್ಟಿಯಾದ ಒಂದು ಅಂಚು. ಆಮೇಲೆ ಮೊಣಕೈಯ ಒಳಮಗ್ಗುಲಿಗೆ ಸರಿಸಿದಳು. ಅಲ್ಲೊಂದು ಅಂಚು.

"ಪೂರ್ತಿ ಬರ್ತದಾ?"

ಮೀನಾಕ್ಷಮ್ಮ ಹಾಳೆಯನ್ನು ಲಕೋಟೆಗೆ ತುರುಕಿದಳು. "ಹನ್ನೆರಡನೇ ದಿನದಿಂದಲೇ ಆಡಿಸಿದ್ರೆ ಹೌದು ಅಂತಿದ್ದೆ. ಈಗ ನಾನು ಸುಳ್ಳು ಹೇಳಲ್ಲ. ಬಂದಷ್ಟು ಬರುತ್ತೆ. ದಿನಾ ಆಡಿಸು, ನೋಯಲಿ. ಡಾಕ್ಟರಿಗೊಮ್ಮೆ ತೋರಿಸು."

ವಾಪಸು ಬರುವ ದಾರಿಯಲ್ಲಿ ಅವಳು ಕೈಯನ್ನು ಜೋಳಿಗೆಗೆ ಹಾಕಲಿಲ್ಲ. ಒಣಮೀನು ತರುವುದು ಮರೆತುಹೋಗಿತ್ತು. ಸಂಶಯ ಒಂದು ಕಡೆಯಿಂದ ಎದ್ದು ಇನ್ನೊಂದು ಕಡೆ ಹೋಗಿ ಕುಳಿತಿತ್ತು. ಅವನಿಗೆ ಗೊತ್ತಿತ್ತು. ಡಾಕ್ಟರು ವಿವರವಾಗಿ ಹೇಳಿದ್ದರು. ಗೊತ್ತಿದ್ದೂ ಕೈಯನ್ನು ಕಟ್ಟಿಟ್ಟ. ಕೈಲಾಗದ ಹೆಂಡತಿ ಬೇಕಿತ್ತೇ ಅವನಿಗೆ? ಅದು ನಿಜವಾಗಿದ್ದರೆ ಆ ಹಲಗೆಯ ಅಂಚನ್ನು ಅಷ್ಟು ಹೊತ್ತು ಕೂತು ಏಕೆ ಉಜ್ಜುತ್ತಿದ್ದ?

ದುಗ್ಗಪ್ಪ ಆಗಲೇ ಬಂದಿದ್ದ. ತೆರೆದ ಪೆಟ್ಟಿಗೆಯ ಮುಂದೆ ನಿಂತಿದ್ದವನು ಅವಳ ಬರಿಗೈಯನ್ನು ನೋಡಿ ಎರಡು ಹೆಜ್ಜೆ ಮುಂದೆ ಬಂದ, ಬೀಳುವ ಮಡಕೆ ಹಿಡಿಯುವವನ ಹಾಗೆ.

"ಹಲಿಗೆ ಯಾಕೆ ಬಿಚ್ಚಿದಿ? ಇನ್ನೂ ಐದು ದಿನ ಅದೆ."

"ಐದು ದಿನ ಆದ್ಮೇಲೆ ಎಂತ ನೋಡಣ ಅಂತಿದ್ರಿ ಇಬ್ರೂ?"

"ಎಂತ ಅಂದ್ರೆ? ಕಟ್ಟು ಬಿಚ್ಚಿ ಕೈ ನೋಡಣ ಅಂತ. ಮೊದ್ಲೇ ಹೇಳಿ ನಿನ್ನ ಹೆದ್ರಿಸದು ಎಂತಕ್ಕೆ ಅಂತ."

"ಮಾಸ್ತಿ ಸುದ್ದಿ ಎಂತಕ್ಕೆ ಬಂತು?"

ಅವನು ತಾಯಿಯ ಕಡೆ ನೋಡಿದ. ಶೇಷಮ್ಮ ಸೊಪ್ಪಿನ ಹೊರೆ ಬಿಚ್ಚುತ್ತಿದ್ದಳು, ತಲೆ ಎತ್ತಲಿಲ್ಲ. ಒಳಗಿನಿಂದ ಮಾಸ್ತಮ್ಮನೇ ಅಂದಳು, "ನಲವತ್ತೆಂಟು ಆದ್ಮೇಲೆ ನನ್ನ ಊರಿಗೆ ಬಿಟ್ಟು ಬತ್ತೀನಿ ಅಂದಾರಲ್ಲ ಭಾವ. ನಿಂಗೆ ಹೇಳಿಲ್ವಾ ಅಕ್ಕ?"

ಶೇಷಮ್ಮನ ಕೈ ಸೊಪ್ಪಿನೊಳಗೆ ಒಂದು ಗಳಿಗೆ ನಿಂತು ಮತ್ತೆ ಆಡತೊಡಗಿತು.

ಕೆರಿಯಮ್ಮ ಗಂಡನ ಎದುರು ಜಗಲಿಯ ಮೇಲೆ ಕುಳಿತಳು. "ಡಾಕ್ಟ್ರು ಆಡ್ಸಿ ಅಂದ್ರಂತೆ. ನೀವು ಕಟ್ಟಿ ಇಟ್ರಿ."

"ಅವ್ರು ಎರಡು ಪಟ್ಟಿ ಹಾಕೀನಿ ಅಂದ್ರು. ನಾ ಕಣ್ಣಾರೆ ನೋಡ್ದೆ, ಇದ್ದದ್ದು ಒಂದು. ಅಡ್ಡ ಹೊಡ್ದ ತಿರುಪು ಯಾವ್ದನ್ನೂ ಹಿಡ್ಕಂಡಿರ್ಲಿಲ್ಲ. ಇಲ್ಲಿಗಂಟ ಅಣೆಕಟ್ಟೆ ನೀರು ಬರದಿಲ್ಲ ಅಂತ ನಮ್ಮೂರಾಗೆ ಕಲ್ಲು ನೆಟ್ಟು ಹೋದ ಸರ್ವೆಯವ್ನೂ ಹಿಂಗೇ ನಗ್ತಾ ಹೇಳಿದ್ದ. ಒಂದು ಪಟ್ಟಿ ಮೇಲೆ ಆಡ್ಸಿದ್ರೆ ತಿರುಪು ಸಡ್ಲ ಆಗದೆ ಇರ್ತದಾ?"

"ಮುಟ್ಟಿ ನೋಡಿ."

ಅವನು ಮುಟ್ಟಲಿಲ್ಲ. ಬಿದ್ದ ದಿನದಿಂದ ಅವನು ಹಲಗೆಯನ್ನು ಮುಟ್ಟಿದ್ದನೇ ಹೊರತು ತೋಳನ್ನಲ್ಲ ಎಂಬುದು ಅವಳಿಗೆ ಈಗ ಹೊಳೆಯಿತು. ಅವಳೇ ಎಡಗೈಯಿಂದ ಅವನ ಬೆರಳು ಹಿಡಿದೆಳೆದು ಮೊಣಕೈಯ ಹಿಂದೆ ಇಟ್ಟಳು. ಆಮೇಲೆ ಒಳಮಗ್ಗುಲಿಗೆ. ದಿನವೂ ಹಲಗೆಯ ಅಂಚಿಗೆ ಕಣ್ಣಿಟ್ಟು ಡೊಂಕು ನೋಡುವ ಮನುಷ್ಯ ಅವನು. ಅವಳು ಲಕೋಟೆಯ ಹಾಳೆಯನ್ನು ತೆಗೆದುಕೊಡುವಷ್ಟರಲ್ಲೇ ಅವನಿಗೆ ಅರ್ಥವಾಗಿತ್ತು. ಆದರೂ ಹಾಳೆಯನ್ನು ಬಿಸಿಲಿಗೆ ಹಿಡಿದು ಆ ಗೀರನ್ನು ಬಹಳ ಹೊತ್ತು ನೋಡಿದ.

"ಎರಡ್ನೇದು ಅಡ್ಡಕ್ಕೆ ನಿಂತಿತ್ತು," ಅಂದ.

"ನೀವು ಜೋಡ್ಸಿದ ಕಂಬ ಬೆಳೀತದಾ?"

"ಎಂತ?"

"ಎಲುಬು ಬೆಳೀತದಂತೆ. ನರ್ಸಮ್ಮ ಹೇಳಿದ್ರು."

ಅವನು ಹಾಳೆಯನ್ನು ಮಡಿಲಲ್ಲಿಟ್ಟುಕೊಂಡ. ಚಪ್ಪರದ ಕೆಳಗೆ ಸಾಲಾಗಿ ಮಲಗಿದ್ದ ಕಂಬಗಳ ಕಡೆ ನೋಡುತ್ತ, ಯಾರಿಗೋ ಹೇಳುವವನಂತೆ ಹೇಳಿದ. "ಆ ಏಣಿ ಕಾಲು ಸೀಳಿತ್ತು. ಹಿಂದಿನ ಸಂಜೆ ನಾನೇ ಪಟ್ಟಿ ಹೊಡ್ದು ಕೊಟ್ಟಿದ್ದೆ. ಒಂದೇ ಪಟ್ಟಿ. ಲಾರಿ ಬೆಳಿಗ್ಗೆ ಬತ್ತದೆ ಅಂದ್ರು, ಒಂದು ದಿನನೂ ಬಿಡ್ಲಿಲ್ಲ ಅದನ್ನ. ನೀ ಹತ್ತಾಗ ನಾ ನೋಡ್ತಾ ಇದ್ದೆ. ಬ್ಯಾಡ ಅನ್ನಣ ಅಂತ ಬಾಯಿಗೆ ಬಂತು."

ಟಕ್ ಎಂಬ ಆ ಸದ್ದು ಕೆರಿಯಮ್ಮನ ಕಿವಿಯಲ್ಲಿ ಮತ್ತೊಮ್ಮೆ ಆಯಿತು. ಇಷ್ಟು ದಿನ ಅದು ತನ್ನ ಎಲುಬಿನ ಸದ್ದೆಂದುಕೊಂಡಿದ್ದಳು. ಅವಳು ಎದ್ದು ಒಳಗೆ ಹೋದಳು.

ಹೊತ್ತು ಮೀರಿತ್ತು. ಮಾಸ್ತಮ್ಮ ಎಲ್ಲರಿಗೂ ಅನ್ನ, ಸೊಪ್ಪಿನ ಸಾರು ಬಡಿಸಿ, ಎಂದಿನಂತೆ ಅಕ್ಕನ ತಟ್ಟೆಯನ್ನು ತನ್ನ ಮುಂದೆ ಎಳೆದುಕೊಂಡಳು. ಕೆರಿಯಮ್ಮ ಅದನ್ನು ವಾಪಸು ಎಳೆದು, ಎತ್ತರದ ಮಣೆಯೊಂದರ ಮೇಲಿಟ್ಟುಕೊಂಡಳು.

"ನಾ ಉಣ್ತೀನಿ."

"ಎಡಗೈಯಾಗಾ?" ಅಂದಳು ಶೇಷಮ್ಮ.

ಕೆರಿಯಮ್ಮ ಬಲಗೈಯನ್ನು ಅನ್ನಕ್ಕಿಟ್ಟಳು. ಬೆರಳುಗಳಿಗೆ ಕಲಸುವುದು ಮರೆತಿರಲಿಲ್ಲ. ಸಾರು ಬೆಚ್ಚಗಿತ್ತು. ತುತ್ತು ಕಟ್ಟಿ ಎತ್ತಿದಳು. ಮೊಣಕೈಯೊಳಗೆ ತಿರುಪು ಬಿಗಿದಂತೆ ನೋವು ಎದ್ದು ಭುಜಕ್ಕೆ ಹತ್ತಿತು, ಕೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ಬಾಯಿಗೆ ಇನ್ನೂ ಒಂದು ಗೇಣು. ಅವಳು ಕಣ್ಣು ಮುಚ್ಚಿ ಮತ್ತೊಮ್ಮೆ ಎಳೆದಳು. ಒಂದು ಬೆರಳಿನಷ್ಟು ಮೇಲೆ ಬಂತು. ಮಾಸ್ತಮ್ಮ ಕೈ ಚಾಚಿದವಳು ಅಕ್ಕನ ಮುಖ ನೋಡಿ ಹಾಗೇ ತಡೆದಳು. ಬಾಗಿಲ ಹೊಸ್ತಿಲ ಮೇಲೆ ಕುಳಿತಿದ್ದ ದುಗ್ಗಪ್ಪ ತನ್ನ ತಟ್ಟೆಗೆ ಇನ್ನೂ ಕೈಯಿಟ್ಟಿರಲಿಲ್ಲ.

ಅವಳು ಯಾರನ್ನೂ ನೋಡಲಿಲ್ಲ. ಕೈಯನ್ನು ಅದು ನಿಂತಲ್ಲೇ ಅಲುಗದಂತೆ ಹಿಡಿದು, ಕತ್ತು ಬಗ್ಗಿಸಿ, ತುತ್ತನ್ನು ಬಾಯಿಗೆ ತೆಗೆದುಕೊಂಡಳು. ಎರಡು ಅಗುಳು ಮಣೆಯ ಮೇಲೆ ಬಿದ್ದವು.